ಎಣ್ಣೆ-ತುಪ್ಪ ಬಿಟ್ಟ ನಮ್ಮ ಕೆಮಿಸ್ಟ್ರಿ ಸರ್

ನಮ್ಮ ಕೆಮಿಸ್ಟ್ರಿ ಸರ್ ಊಟಕ್ಕೆ ಕೂತರೆ ಪಕ್ಕದಲ್ಲಿದ್ದವರಿಗೂ ಹಸಿವಾಗುತ್ತಿತ್ತು. ರಾಯಚೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಕಿಟಕಿಯ ಪಕ್ಕ, ನನ್ನದು ಅದರ ಎದುರು. ಅವರು ಡಬ್ಬಿಯ ಮುಚ್ಚಳ ತೆಗೆದರೆ ಆ ತುದಿಯಲ್ಲಿ ಪೇಪರ್ ತಿದ್ದುತ್ತಿದ್ದವರೂ ತಲೆಯೆತ್ತುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಪಕ್ಕದಲ್ಲಿ ಅಗಸೆ ಬೀಜ ಹುರಿದು ಕುಟ್ಟಿದ ಚಟ್ನಿಪುಡಿ. ಆ ಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತಾರೆ. ಅದರ ನಡುವೆ ಬೆರಳಿನಿಂದ ಗುಂಡಿ ಮಾಡಿ, ಸಣ್ಣ ಶೀಸೆಯಿಂದ ಶೇಂಗಾ ಎಣ್ಣೆ ಸುರಿದುಕೊಳ್ಳುತ್ತಿದ್ದರು. ಊಟ ಮುಗಿದ ಮೇಲೆ ಕೈ ತೊಳೆಯಲು ಹೋಗುವ ಮೊದಲು ಬೆರಳಿಗೆ ಅಂಟಿದ ಎಣ್ಣೆಯನ್ನು ಮೊಣಕೈಗೆ ಸವರಿಕೊಳ್ಳುವರು. ಇಂಗ್ಲಿಷ್ ವಿಭಾಗದವರು ಮುಖ ಸಿಂಡರಿಸಿದರೆ, "ಸಾಬೂನಿಗೆ ಯಾಕ ಕೊಡ್ಲಿ, ನನ್ನ ಚರ್ಮ ಏನು ಪಾಪ ಮಾಡ್ಯಾದ?" ಎಂದು ನಗುವರು.

ನಾನು ಇತಿಹಾಸ ಕಲಿಸುವವಳು, ಮಾನ್ವಿಯಿಂದ ದಿನಾ ಬಸ್ಸಿಗೆ ಬರುವವಳು. ಮಧ್ಯಾಹ್ನದ ಹೊತ್ತಿಗೆ ನನ್ನ ಪಲ್ಯ ಅರ್ಧ ಡಬ್ಬಿಯಲ್ಲಿ, ಅರ್ಧ ಚೀಲದಲ್ಲಿ ಇರುತ್ತಿತ್ತು. ಹಾಗಾಗಿ ಹಲವು ವರ್ಷ ನಾನು ಉಂಡದ್ದು ಅವರ ಡಬ್ಬಿಯಿಂದಲೇ ಎನ್ನಬಹುದು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಮೇಲೆ ಅವರ ಬಗ್ಗೆ ಎರಡು ಕತೆಗಳು ಓಡಾಡತೊಡಗಿದವು. ಒಂದು, ಅವರು ಒಂದು ಕಾಲಕ್ಕೆ ದೊಡ್ಡ ಶರಣರಾಗಿದ್ದರು, ಆಮೇಲೆ ಸಂಸಾರದವರು ಕೆಳಗೆ ಎಳೆದರು ಎಂಬುದು. ಇನ್ನೊಂದು, ಅವರನ್ನು ತುಪ್ಪ ಕೊಂದಿತು ಎಂಬುದು. ನನಗೆ ಎರಡೂ ಸರಿಯೆನಿಸಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಊರಿನವರು ಅದರ ಹಿಂದೆ, ಸ್ವಾಮಿಗಳಿಗೆ ಸೇರಿಸುವ ಹಾಗೆ, 'ಅಪ್ಪಾವರು' ಎಂದು ಸೇರಿಸಿ ಫ್ಲೆಕ್ಸ್ ಮಾಡಿಸಿಬಿಡುತ್ತಾರೆ.

ಸರ್ ಹುಟ್ಟಿದ್ದು ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ಹೋದರು, ಬೆಳೆಸಿದ್ದು ಅಣ್ಣ. ಅಣ್ಣ ಒಕ್ಕಲುತನ ಮಾಡಿ ತಮ್ಮನನ್ನು ಓದಿಸಿದ. ಸರ್ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿರಲಿಲ್ಲ, ಆದರೆ ಅಣ್ಣನ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು. ನಾನು ಒಮ್ಮೆ ನಕ್ಕಿದ್ದಕ್ಕೆ, "ಅಂವ ಕಾಣೂದಿಲ್ಲ ಖರೆ ಮೇಡಂ, ಆದ್ರ ನಾ ಕುಂತೀನಿ ಅಂತ ನನಗ ಗೊತ್ತಿರ್ತದಲ್ಲ" ಎಂದರು.

ಜಗಳಗಂಟ ಮನುಷ್ಯ. ಪ್ರಿನ್ಸಿಪಾಲರೊಂದಿಗೆ ಲ್ಯಾಬಿನ ನಲ್ಲಿಯ ವಿಷಯಕ್ಕೆ ಜಗಳ, ಕ್ಯಾಂಟೀನಿನವನೊಂದಿಗೆ ಮಿರ್ಚಿ ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸುತ್ತಾನೆಂದು ಜಗಳ, ನನ್ನೊಂದಿಗೆ ನಿಜಾಮರ ಕಾಲದ ವಿಷಯಕ್ಕೆ ಜಗಳ. ಇತಿಹಾಸ ಅವರಿಗೆ ಏನೂ ಗೊತ್ತಿರಲಿಲ್ಲ. ಅದು ಅವರಿಗೆ ಅಡ್ಡಿಯೂ ಆಗಿರಲಿಲ್ಲ.

ಅವರ ಪಾಠಗಳಲ್ಲಿ ಕೊಬ್ಬಿನ ಪಾಠಕ್ಕೆ ಬೇರೆ ವಿಭಾಗದ ಹುಡುಗರೂ ಬಂದು ಕೂರುತ್ತಿದ್ದರು. ನಾನೂ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಬೋರ್ಡಿನ ಮೇಲೆ ಕೊಬ್ಬು ಎಂದು ಬರೆದ ಕೂಡಲೇ ಯಾಪಲದಿನ್ನಿಯ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಸರ್ ತಿರುಗಿದರು.

"ನಗವ್ವಾ, ನಗು. ನೀನು ಈಗ ನಕ್ಕಿದ್ದು ಎದರಿಂದ? ಮಿದುಳಿನಿಂದ. ಆ ಮಿದುಳಿನಾಗಿನ ನೀರು ಎಲ್ಲಾ ತೆಗೆದುಬಿಟ್ರ ಉಳಿದದ್ದರಾಗ ಅರ್ಧಕ್ಕರ್ಧ ಕೊಬ್ಬ. ನರದ ಸುತ್ತ ಕೊಬ್ಬಿನ ಹೊದಿಕಿ ಅದ, ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇದ್ದಂಗ. ಒಂದೊಂದು ಜೀವಕೋಶದ ಪೊರಿನೂ ಕೊಬ್ಬಿಂದು. ಕೆಲವು ಕೊಬ್ಬು ಮೈ ತಾನ ಮಾಡಿಕೊಳ್ತದ, ಕೆಲವು ಮಾಡಿಕೊಳ್ಳಾಕ ಬರೂದಿಲ್ಲ, ತಿನ್ನಬೇಕು. ಅಗಸಿ ಹಿಂಡಿ ತಿಂದಿ ಇಲ್ಲ ಇವತ್ತು?"

"ತಿಂದೀನ್ರಿ ಸರ್."

"ಅದಕ್ಕ ನಗು ಬಂತು," ಎಂದು ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಅವರ ಅಣ್ಣ ಒಂದು ಮಧ್ಯಾಹ್ನ ಹತ್ತಿ ಹೊಲದ ಬದುವಿನ ಮೇಲೆ ಕೂತವನು ಏಳಲಿಲ್ಲ. ಹೃದಯದ ರಕ್ತನಾಳ ಕಟ್ಟಿತ್ತು, ಕೊಬ್ಬು ಕೂತಿತ್ತು ಎಂದು ವೈದ್ಯರು ಹೇಳಿದರು. ಕಾರ್ಯ ಮುಗಿಸಿ ಬಂದ ಸರ್ ತಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದೆ, ಎಣ್ಣೆ ತುಪ್ಪ ಕಡಿಮೆ ಮಾಡಿ, ನಡೆಯಿರಿ ಎಂದು ವೈದ್ಯರು ಹೇಳಿದರಂತೆ. ಮರುದಿನ ಅವರ ಡಬ್ಬಿಯಲ್ಲಿ ಒಣ ರೊಟ್ಟಿ, ಒಗ್ಗರಣೆಯಿಲ್ಲದ ಬೇಳೆ, ಒಂದು ಉಳ್ಳಾಗಡ್ಡಿ.

"ಏನ್ರಿ ಸರ್ ಇದು?" ಎಂದೆ.

"ಬಿಟ್ಟೀನ್ರಿ," ಎಂದರು. "ಅಣ್ಣನ ಹೆಸರಲೆ."

ನಮ್ಮ ಕಡೆ ಯಾರಾದರೂ ಹೀಗೆ ಹೇಳಿದರೆ ಮುಂದೆ ಕೇಳುವುದಿಲ್ಲ. ಸತ್ತವರ ಹೆಸರಲ್ಲಿ ಒಬ್ಬರು ಎಲೆ-ಅಡಿಕೆ ಬಿಡುತ್ತಾರೆ, ಒಬ್ಬರು ಸಿಹಿ ಬಿಡುತ್ತಾರೆ. ಬಿಟ್ಟವರನ್ನು ಒತ್ತಾಯ ಮಾಡುವುದು ಪಾಪ. ವೈದ್ಯರು ಹೇಳಿದ್ದು ಕಡಿಮೆ ಮಾಡಿ ಎಂದು. ಇವರು ಮಾಡಿಕೊಂಡದ್ದು ವ್ರತ. ಎಣ್ಣೆ, ತುಪ್ಪ, ಬೆಣ್ಣೆ ಹೋದವು. ಆಮೇಲೆ ಶೇಂಗಾ, ಎಳ್ಳು, ಕೊಬ್ಬರಿ, ಅಗಸೆ ಹೋದವು. ಕೊನೆಗೆ ಹಾಲಿನ ಕೆನೆಯನ್ನೂ ಸೋಸಿ ತೆಗೆಯುತ್ತಿದ್ದರು. ಕ್ಲಾಸಿನಲ್ಲಿ ನೀವೇ ಬೇರೆ ಹೇಳುತ್ತಿದ್ದಿರಲ್ಲ ಎಂದು ನಾನು ಒಂದು ಸಲ ಕೇಳಿದೆ.

"ಅದು ಪಾಠ ಮೇಡಂ. ಇದು ಮಾತು ಕೊಟ್ಟದ್ದು."

ಮೊದಲು ಮೈ ಇಳಿಯಿತು. ಎಲ್ಲರೂ ಹೊಗಳಿದರು. ಆಮೇಲೆ ಸಿಟ್ಟು ಇಳಿಯಿತು, ಇನ್ನೂ ಹೆಚ್ಚು ಹೊಗಳಿದರು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ, "ಸರ್ ಈಗ ಎಷ್ಟು ಶಾಂತ ಆಗ್ಯಾರ ನೋಡ್ರಿ, ಕಲೀಬೇಕು" ಎಂದರು. ಲ್ಯಾಬಿನ ನಲ್ಲಿ ಸೋರುತ್ತಲೇ ಇತ್ತು, ಯಾರೂ ಜಗಳವಾಡಲಿಲ್ಲ. ಕ್ಲಾಸಿಗೆ ಹೋಗುವರು, ಬೋರ್ಡಿನ ಮೇಲೆ ಬರೆಯುವರು, ಬರುವರು. ಊಟದ ಹೊತ್ತಿಗೆ ಡಬ್ಬಿ ತೆರೆದು, ಅದನ್ನು ನೋಡಿ, ಮುಚ್ಚಿಬಿಡುವರು. ಮಾತು ಕೇಳಿದರೆ ಉತ್ತರ ಬರುವ ಹೊತ್ತಿಗೆ ಕೇಳಿದವರು ಮರೆತಿರುತ್ತಿದ್ದರು. ಕೆಲವರು ಅದನ್ನೂ ಆಳವಾದ ಚಿಂತನೆ ಎಂದುಕೊಂಡರು.

ಭಾನುವಾರ ಬಂದರೆ ಗೂಗಲ್‌ಗೆ ಹೋಗತೊಡಗಿದರು. ಅಲ್ಲಮಪ್ರಭುವಿನ ಗುಡಿಯ ಹಿಂದೆ, ಕೃಷ್ಣೆಯ ದಂಡೆಯಲ್ಲಿ, ಬೆಳಿಗ್ಗೆ ಕೂತರೆ ಸಂಜೆಯವರೆಗೆ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ಸುಮ್ಮನೆ ಕೂತರೆ ಅವನಿಗೆ ಏನಾಗಿದೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅವನಿಗೆ ಏನು ಸಿಕ್ಕಿದೆ ಎಂದು ಕೇಳುತ್ತಾರೆ. ಅವರ ಹಳ್ಳಿಯ ಜನ ನೋಡಿದರು. ಓದಿದವರು, ದೊಡ್ಡ ನೌಕರಿ, ಎಣ್ಣೆ-ತುಪ್ಪ ಬಿಟ್ಟವರು, ಮಾತು ಬಿಟ್ಟವರು, ಹೊಳೆಯನ್ನು ನೋಡುತ್ತ ಕೂರುವವರು. ಮೊದಲು ಯಾರೋ ಒಬ್ಬರು ಕೈಮುಗಿದರು. ನಂತರ ಯಾರೋ ಕಾಯಿ ಒಡೆದರು. ಕೆಲವು ತಿಂಗಳಲ್ಲಿ ಭಾನುವಾರ ಅವರ ಹಿಂದೆ ಹತ್ತಾರು ಜನ ಕೂರುತ್ತಿದ್ದರಂತೆ, ಅವರೂ ಹೊಳೆ ನೋಡುತ್ತ.

ಒಂದು ದಿನ ಅವರ ಹೆಂಡತಿ ನನಗೆ ಫೋನ್ ಮಾಡಿ ಮನೆಗೆ ಬರಹೇಳಿದರು. ಅವರ ತವರು ಮಾನ್ವಿ, ನಮ್ಮ ಮನೆಯ ಹಿಂದಿನ ಓಣಿ, ಅದಕ್ಕೆ ನಾನು ಅವರನ್ನು ಅಕ್ಕ ಎನ್ನುವುದು. ಹೋದಾಗ ಸರ್ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಕ್ಕ ಅಡುಗೆಮನೆಯಲ್ಲಿ ಚಹಾ ಮಾಡುತ್ತ, ದನಿ ತಗ್ಗಿಸಿ ಹೇಳಿದರು.

"ಮೊದಲು ಮೊದಲು ನನಗೂ ಹೆಮ್ಮಿ ಆತು ಮೇಡಂ. ಹೆಣ್ಮಕ್ಕಳು ನನ್ನ ಕಾಲೂ ಮುಟ್ಟತಿದ್ದರು. ಈಗ ಅಂಜಿಕಿ ಬರ್ತದ. ಮನ್ಯಾಗ ಒಂದು ಫೋಟೋ ಇದ್ದಂಗ ಅದಾರ. ಪೂಜಿ ಮಾಡಬಹುದು, ಮಾತಾಡಾಕ ಬರೂದಿಲ್ಲ."

"ಏನೂ ಅನ್ನೂದಿಲ್ಲೇನು?"

"ಆಗಲಿ ಅಂತಾರ. ಉಪ್ಪು ಕಮ್ಮಿ ಆಗ್ಯಾದೇನು ಅಂದ್ರ ಆಗಲಿ. ಮಗಳು ಬರ್ತಾಳಂತ ಅಂದ್ರ ಆಗಲಿ. ಈಗ ಊರವರು ಬಂದಿದ್ದರು. ಶ್ರಾವಣದ ಕಡೀ ಸೋಮವಾರ ಇವರನ್ನ ಗದ್ದಿಗಿ ಮ್ಯಾಲ ಕುಂದ್ರಸ್ತಾರಂತ. ಗುಡಿ ಮಗ್ಗಲಕ್ಕ ಒಂದು ಖೋಲಿ ಕಟ್ಟ್ಯಾರ. ಇನ್ನ ಮ್ಯಾಲ ಅಲ್ಲೇ ಇರಬೇಕಂತ, ನೌಕರಿ ಬಿಟ್ಟು. ಅದಕ್ಕೂ ಆಗಲಿ ಅಂದ್ರು." ಚಹಾ ಉಕ್ಕಿತು, ಅವರು ಒಲೆ ಆರಿಸಲಿಲ್ಲ. ನಾನೇ ಆರಿಸಿದೆ. "ಅಲ್ಲಿ ಬಿಟ್ಟು ಬಂದ್ರ ಅವರು ಉಳಿಯೂದಿಲ್ಲ ಮೇಡಂ. ಹೊಳಿ ಭಾಳ ಹತ್ತಿರ ಅದ. ನೀವು ಅವತ್ತು ನನ್ನ ಜೋಡಿ ಬರ್ರಿ. ಆ ಮಂದಿ ನಡುವ ನಾ ಒಬ್ಬಾಕಿ ಏನು ಹೇಳ್ಲಿ?"

ಹಾಗೆ ನಾನು ಹೋದದ್ದು. ಅಕ್ಕನ ತಮ್ಮ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವನು, ತನ್ನ ಜೀಪಿನಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನೊಬ್ಬನೇ ಮಾತಾಡಿದ, ಭತ್ತದ ಧಾರಣೆ ಹೇಳುತ್ತ.

ಗುಡಿಯ ಮುಂದೆ ಪೆಂಡಾಲ್ ಹಾಕಿದ್ದರು. ಒಂದು ಮೂಲೆಯಲ್ಲಿ ಹುಗ್ಗಿಯ ಕಡಾಯಿ ಏರಿತ್ತು. ಸರ್ ಅವರಿಗೆ ಬಿಳಿ ಪಂಚೆ ಉಡಿಸಿ ದಿಂಬಿಟ್ಟ ಮಂಚದ ಮೇಲೆ ಕೂರಿಸಿದರು. ಭಜನೆ ಆಯಿತು. ಊರಿನ ಹಿರಿಯರೊಬ್ಬರು, ಸರ್ ಅವರಿಗೆ ದೂರದ ದೊಡ್ಡಪ್ಪ, ಎದ್ದು ನಿಂತು ತಮ್ಮ ಊರಿನ ಪುಣ್ಯದ ಬಗ್ಗೆ ಮಾತಾಡಿದರು. ನಂತರ ಜನ ಸಾಲಾಗಿ ಬಂದು ಪಾದಕ್ಕೆ ಹಣೆ ಹಚ್ಚತೊಡಗಿದರು. ಸರ್ ಅವರ ಕಣ್ಣು ಎಲ್ಲಿಯೂ ಇರಲಿಲ್ಲ.

ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಬಂದಳು, ಕುರಿ ಕಾಯುವವರ ಮನೆಯವಳು. ಕಂಕುಳಲ್ಲಿ ಕೂಸು, ಮೈ ಸುಡುತ್ತಿತ್ತು, ಕತ್ತು ಜೋತುಬಿದ್ದಿತ್ತು. ಅವಳು ಕೂಸನ್ನು ಸರ್ ತೊಡೆಯ ಮೇಲೆ ಮಲಗಿಸಿ, ಕಾಲು ಹಿಡಿದು ಅತ್ತಳು. ಸರ್ ಕೂಸನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಅಲ್ಲಿಯವರೆಗೆ ಅವರ ಮುಖದಲ್ಲಿ ಗಾಬರಿಯನ್ನು ಕಂಡಿರಲಿಲ್ಲ, ಆಗ ಕಂಡೆ.

"ಏಳವ್ವಾ," ಎಂದರು. ದನಿ ಬಳಸದೆ ತುಕ್ಕು ಹಿಡಿದಂತಿತ್ತು. "ನನ್ನ ಕಾಲು ಬಿಡು. ನೀನು ಇಷ್ಟು ಅಳಾಕತ್ತಿ, ಕೂಸಿನ ಮೈ ಸುಡಾಕತ್ತದ, ನನಗ ಏನೂ ಅನಸವಲ್ಲದು. ಏನಂದ್ರ ಏನೂ ಇಲ್ಲ. ಶರಣಗ ಮರುಕ ಇರ್ತದ. ನಮ್ಮಣ್ಣಗ ಇತ್ತು. ನನಗ ಇಲ್ಲ."

ಅವರು ಜನರತ್ತ ತಿರುಗಿದರು.

"ನೀವು ತಿಳಕೊಂಡಂಗ ಇದು ವೈರಾಗ್ಯ ಅಲ್ರಿ. ನನಗ ಹಸಿವಿಲ್ಲ, ನಿದ್ದಿ ಇಲ್ಲ, ಯಾವುದೂ ಬ್ಯಾಡ ಅನಸ್ತದ. ಹೊಳಿ ದಂಡಿ ಮ್ಯಾಲ ಕುಂತಾಗ ನನಗ ದೇವರು ನೆನಪಾಗೂದಿಲ್ಲ. ಇಲ್ಲಿ ನೀರು ಎಷ್ಟು ಆಳ ಅದ ಅನ್ನೂದು ಬರ್ತದ. ಇದು ಬ್ಯಾನಿ. ನನ್ನ ದವಾಖಾನಿಗೆ ಕರಕೊಂಡು ಹೋಗ್ರಿ."

ಇಷ್ಟು ಹೇಳುವುದಕ್ಕೆ ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನಾನು ಈಗಲೂ ಯೋಚಿಸುತ್ತೇನೆ. ಬೇಡವೆನ್ನುವುದಕ್ಕೂ ಬೇಕೆನ್ನುವುದಕ್ಕೂ ಶಕ್ತಿಯಿಲ್ಲದವರು, ನೂರಾರು ಜನರ ಮುಂದೆ ತಮ್ಮ ಒಳಗು ಖಾಲಿಯಾಗಿದೆ ಎಂದು ಹೇಳಿಬಿಟ್ಟರು. ಇನ್ನು ಇವರನ್ನು ಇಳಿಸುತ್ತಾರೆ ಎಂದುಕೊಂಡೆ. ಆದರೆ ಆ ಹಿರಿಯರು ಎರಡೂ ಕೈ ಎತ್ತಿ ಮುಗಿದು, "ಕೇಳಿದಿರಿ? ಎಂಥಾ ವಿನಯ ನೋಡ್ರಿ, ತಮ್ಮನ್ನ ತಾವ ರೋಗಿ ಅಂತಾರ" ಎಂದರು. ಪೆಂಡಾಲ್ ತುಂಬ ಜೈಕಾರವಾಯಿತು. ಸಾಲಿನಲ್ಲಿ ಮುಂದಿನವನು ಪಾದಕ್ಕೆ ಬಗ್ಗಿದ.

ಅಕ್ಕ ಎದ್ದರು. ಹೆಂಗಸರ ನಡುವಿನಿಂದ ದಾಟಿ ಹೋಗಿ ಮಂಚದ ಮೇಲೆ ಹತ್ತಿದರು. ಗಂಡನ ಹೆಗಲ ಮೇಲಿನ ಹಾರ ತೆಗೆದು ಪಕ್ಕಕ್ಕಿಟ್ಟು, ಮುಂಗೈ ಹಿಡಿದರು.

"ಏಳ್ರಿ."

"ಯವ್ವಾ, ಪ್ರಸಾದ ಆಗಲಿ," ಎಂದರು ಹಿರಿಯರು.

"ಅವರು ಏನಂದ್ರು ಅನ್ನೂದು ನಿಮಗ ಕೇಳಲಿಲ್ಲೇನ್ರಿ? ದವಾಖಾನಿ ಅಂದ್ರು. ನಡಿಯವ್ವಾ, ನೀನೂ ನಡಿ, ಕೂಸಿನ್ನ ತಗೊಂಡು," ಎಂದು ಆ ಹೆಣ್ಣುಮಗಳಿಗೂ ಹೇಳಿದರು.

ಯಾರೂ ತಡೆಯಲಿಲ್ಲ. ತಡೆಯಬೇಕೋ ಕೈಮುಗಿಯಬೇಕೋ ಅವರಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ, ಕೆಲವರು ಜೀಪಿಗೂ ಕೈಮುಗಿದರು. ದೇವದುರ್ಗದಲ್ಲಿ ಕೂಸನ್ನೂ ತಾಯಿಯನ್ನೂ ಆಸ್ಪತ್ರೆಗೆ ಸೇರಿಸಿದೆವು. ಕೂಸು ಬದುಕಿತು. ಅಲ್ಲಿಂದ ನೇರ ರಾಯಚೂರಿಗೆ ಬಂದು, ಮರುದಿನ ಮಾನಸಿಕ ರೋಗದ ವೈದ್ಯರ ಬಳಿ ಹೋದೆವು.

ವೈದ್ಯರು ಚಿಕ್ಕ ವಯಸ್ಸಿನವರು, ಇದೇ ಜಿಲ್ಲೆಯವರು. ರಕ್ತ ಪರೀಕ್ಷೆ ಮಾಡಿಸಿ, ಬಹಳ ಹೊತ್ತು ಪ್ರಶ್ನೆ ಕೇಳಿದರು. ಏನು ತಿನ್ನುತ್ತೀರಿ ಎಂಬಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟರು.

"ಸರ್, ಇದಕ್ಕ ಖಿನ್ನತೆ ಅಂತಾರ. ಕೊಬ್ಬು ಬಿಟ್ಟಿದ್ದಕ್ಕ ಇದು ಬಂತು ಅಂತ ನಾ ಹೇಳೂದಿಲ್ಲ. ಅಣ್ಣ ಹೋದ ದುಃಖ ಅದ, ನಿದ್ದಿ ಕೆಟ್ಟದ, ರಕ್ತದಾಗ ಡಿ ವಿಟಮಿನ್ ಪೂರಾ ಇಳಿದದ. ಒಂದರಿಂದ ಬಂದದ್ದಲ್ಲ ಇದು. ಆದ್ರ ಮಿದುಳು ರಿಪೇರಿ ಆಗಬೇಕಂದ್ರ ಸಾಮಾನು ಬೇಕಲ್ಲ? ಆ ಸಾಮಾನು ಬರೂ ದಾರಿ ನೀವ ಬಂದ್ ಮಾಡಿಕೊಂಡೀರಿ. ನಾ ಗುಳಿಗಿ ಕೊಡ್ತೀನಿ, ಅದು ಮುಖ್ಯ. ಜೋಡಿ ದಿನಾ ಎರಡು ಚಮಚ ಎಣ್ಣಿ, ಒಂದಿಷ್ಟು ಅಗಸಿ, ಶೇಂಗಾ ಹೊಟ್ಟಿಗೆ ಹೋಗಬೇಕು. ಎದಿ ಡಾಕ್ಟರಿಗೆ ನಾ ಮಾತಾಡ್ತೀನಿ."

ಸರ್ ತಲೆಯಾಡಿಸಿದರು. ಗುಳಿಗೆ ನುಂಗಿದರು. ಎಣ್ಣೆ ಮುಟ್ಟಲಿಲ್ಲ. ಅಕ್ಕ ಅತ್ತರು, ಮಗಳು ಬಂದು ಅತ್ತಳು, ನಾನು ಇತಿಹಾಸದ ಮೇಡಂ ಆಗಿ ಒಂದು ಭಾಷಣ ಮಾಡಿದೆ. ಎಲ್ಲರಿಗೂ ಅವರದು ಒಂದೇ ಉತ್ತರ, ಅಣ್ಣನ ಹೆಸರಲ್ಲಿ ಬಿಟ್ಟದ್ದು, ಅಷ್ಟೇ.

ಕೊನೆಗೆ ದಾರಿ ತೋರಿಸಿದ್ದು ಅಕ್ಕ. ಹಳ್ಳಿಗೆ ಹೋಗಿ, ಸತ್ತ ಅಣ್ಣನ ಹೆಂಡತಿಯನ್ನು ಕರೆತಂದರು. ಆಕೆ ಮಾತು ಕಡಿಮೆಯ ಹೆಂಗಸು. ಬಂದವರೇ ಅಡುಗೆಮನೆಗೆ ಹೋಗಿ ತಾವೇ ರೊಟ್ಟಿ ಬಡಿದರು. ತಾಟಿನಲ್ಲಿ ರೊಟ್ಟಿ, ಹಿಂಡಿ ಹಾಕಿ ತಂದು ಮೈದುನನ ಮುಂದಿಟ್ಟರು. ಎಣ್ಣೆಯ ಶೀಸೆ ಕೈಯಲ್ಲಿತ್ತು.

"ಯಾರ ಹೆಸರಲೆ ಬಿಟ್ಟಿ ಯಪ್ಪಾ?"

"ಅಣ್ಣನ ಹೆಸರಲೆ."

"ನಿಮ್ಮಣ್ಣನ ಮನಿಯಾಕಿ ನಾ. ನಾ ಹಾಕಾಕತ್ತೀನಿ, ಉಣ್ಣು. ನಿನಗ ಹೊಟ್ಟಿ ತುಂಬ ಉಣ್ಣಾಕ ಇಟ್ಟು ಅಂವ ಮಜ್ಜಿಗಿ ಕುಡದು ಮಲಗಿದ್ದು ನಾ ನೋಡೀನಿ. ಅಂವ ಇದನ್ನ ಒಪ್ಪತಿದ್ದನೇನು?"

ಎಣ್ಣೆ ಸುರಿದರು. ಕೊಟ್ಟ ಮಾತನ್ನು ಬಿಡಿಸುವ ಅಧಿಕಾರ ಮನೆಯಲ್ಲಿ ಆಕೆಯೊಬ್ಬರಿಗೇ ಇತ್ತು. ಸರ್ ಬಹಳ ಹೊತ್ತು ತಾಟು ನೋಡಿ, ಎರಡು ತುತ್ತು ಉಂಡು ಎದ್ದರು. ಪವಾಡವೇನೂ ಆಗಲಿಲ್ಲ. ಅವತ್ತೂ ಗೋಡೆಗೆ ಮುಖ ಮಾಡಿಯೇ ಮಲಗಿದರು. ಅತ್ತಿಗೆ ಮಾತ್ರ ತಿಂಗಳವರೆಗೆ ಅಲ್ಲೇ ಉಳಿದು, ದಿನಾ ತಾವೇ ಬಡಿಸಿದರು.

ಮಳೆಗಾಲ ಹೋಗಿ ಚಳಿಗಾಲ ಬಂದಿತ್ತು. ಒಂದು ಬೆಳಿಗ್ಗೆ ನಾನು ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅಕ್ಕನ ಫೋನ್ ಬಂತು. ಅಳುತ್ತಿದ್ದರು. ಏನಾಯಿತು ಎಂದು ಕೇಳಿದೆ.

"ಬೈದರು ಮೇಡಂ," ಎಂದರು. "ರೊಟ್ಟಿ ಆರ್ಯಾದ, ಇಂಥಾದ್ದು ಯಾರು ತಿಂತಾರ ಅಂತ ಬೈದರು."

ನಾನು ಬಸ್ಸು ತಪ್ಪಿಸಿಕೊಂಡೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ನಾನೂ ಸ್ವಲ್ಪ ಅತ್ತೆ. ಬೇರೆಯವರ ಗಂಡ ಬೈದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಕಾಲೇಜಿಗೆ ಮರಳಿದ ಮೇಲೆ ಮೊದಲ ವಾರವೇ ನಲ್ಲಿಯ ಜಗಳ ಶುರುವಾಯಿತು. ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟರು. ಆದರೆ ಸರ್ ಮೊದಲಿನಂತೆಯೇ ಆದರು ಎಂದು ಬರೆದರೆ ಸುಳ್ಳಾಗುತ್ತದೆ. ನಡುನಡುವೆ ಕಿಟಕಿಯ ಹೊರಗೆ ನೋಡುತ್ತ ಉಳಿದುಬಿಡುತ್ತಿದ್ದರು. ಆಗ ಅವರೇ, "ಮೇಡಂ, ಏನರೆ ಮಾತಾಡ್ರಿ, ನಿಜಾಮನ ಸುದ್ದಿನಾದ್ರೂ ಹೇಳ್ರಿ" ಎನ್ನುತ್ತಿದ್ದರು. ಗುಳಿಗೆಯನ್ನು ಎಲ್ಲರ ಎದುರೇ ನುಂಗುತ್ತಿದ್ದರು. ಯಾವ ಗುಳಿಗೆ ಎಂದು ಕೇಳಿದರೆ, ಮಂಡಿನೋವಿನ ಗುಳಿಗೆ ಎನ್ನುವಷ್ಟು ಸಲೀಸಾಗಿ ಖಿನ್ನತೆಯ ಗುಳಿಗೆ ಎನ್ನುತ್ತಿದ್ದರು. ಅದನ್ನು ಕೇಳಿದ ಎಷ್ಟೋ ಜನ ಕಾರಿಡಾರಿನಲ್ಲಿ ಅವರನ್ನು ಒಬ್ಬರನ್ನೇ ಹಿಡಿದು ಮಾತಾಡಿದ್ದು ನನಗೆ ಗೊತ್ತು.

ಇನ್ನೊಂದು ತಾಪತ್ರಯವೂ ಶುರುವಾಯಿತು. ತುಪ್ಪ ತಿಂದು ಸರ್ ಅವರಿಗೆ ಆರಾಮಾಯಿತು ಎಂಬ ಸುದ್ದಿ ಹಬ್ಬಿತು. ಮೊದಲು ಬಂದವನು ಅಕ್ಕನ ತಮ್ಮ, ಗಿರಣಿಯವನೇ. ಜೀಪಿನಲ್ಲಿ ಎಡೆಬಿಡದೆ ಮಾತಾಡುತ್ತಿದ್ದವನಿಗೆ ಆಮೇಲಾಮೇಲೆ ಯಾವುದರಲ್ಲೂ ಮನಸ್ಸಿರಲಿಲ್ಲವಂತೆ. ಗಾದಿಯ ಮೇಲೆ ಕೂತರೆ ಏಳುತ್ತಿರಲಿಲ್ಲ, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ಅವನು ದಿನಾ ಬೆಳಿಗ್ಗೆ ಒಂದು ಬಟ್ಟಲು ತುಪ್ಪ ಕುಡಿಯತೊಡಗಿದ್ದ.

"ಮಾವಾ, ನಿಮಗ ಹತ್ತಿದ್ದು ನನಗ್ಯಾಕ ಹತ್ತವಲ್ಲದು?" ಎಂದು ಕೇಳಿದ.

ಸರ್ ಬೈದದ್ದನ್ನು ನಾನು ಪೂರ್ತಿ ಬರೆಯಲಾರೆ. ಬರೆಯಬಹುದಾದ ಭಾಗ ಇಷ್ಟು. "ಲೇ, ನನಗ ಮಿದುಳಿಗೆ ಬೇಕಾದ್ದು ಇರಲಿಲ್ಲ. ನಿನಗ ಹೊಟ್ಟಿ ಸುತ್ತ ಬ್ಯಾಡಾದ್ದು ಕುಂತದ. ಆ ಕೊಬ್ಬು ಸುಮ್ಮನ ಕುಂದ್ರೂದಿಲ್ಲ. ಅದು ರಕ್ತದಾಗ ಏನೇನೋ ಬಿಡ್ತದ, ಮೈಯೆಲ್ಲಾ ಒಳಗೊಳಗ ಉರಿ ಹತ್ತಿಸ್ತದ, ಆ ಉರಿ ತಲಿಗೂ ಮುಟ್ಟತದ. ಬರೂದು ಅದೇ ಬ್ಯಾನಿ, ದಾರಿ ಬ್ಯಾರೆ. ತುಪ್ಪ ಇಡು, ಎದ್ದು ನಡಿ. ಮೊದಲು ಡಾಕ್ಟರ್ ಕಡೆ ನಡಿ."

ಆಮೇಲೆ ಪ್ರತಿ ಭಾನುವಾರ ಸರ್ ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಬಂದು ಅವನನ್ನು ಕಾಲುವೆಯ ದಂಡೆಯ ಮೇಲೆ ನಡೆಸುತ್ತಿದ್ದರು. ಎರಡು ಕಡೆ ಭತ್ತದ ಗದ್ದೆ, ನಡುವೆ ಒಬ್ಬರು ತೆಳ್ಳಗೆ, ಒಬ್ಬರು ದಪ್ಪಗೆ, ಜಗಳವಾಡುತ್ತ ಹೋಗುವುದು ನಮ್ಮ ಮನೆಯ ಮಾಳಿಗೆಯಿಂದ ಕಾಣುತ್ತಿತ್ತು.

ಕ್ಲಾಸಿನಲ್ಲೂ ಕೊಬ್ಬಿನ ಪಾಠ ಬದಲಾಯಿತು. ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು. "ತುಪ್ಪದಿಂದ ಮನಸ್ಸಿನ ಬ್ಯಾನಿ ಹೋಗ್ತದ ಅಂತ ಯಾರಿಗೂ ಹೇಳಬ್ಯಾಡ್ರಿ. ನನ್ನ ಹೆಸರು ಹೇಳಿ ಅಂತೂ ಹೇಳಲೇಬ್ಯಾಡ್ರಿ. ನನಗ ಆರಾಮ ಮಾಡಿದ್ದು ಗುಳಿಗಿ, ನಿದ್ದಿ, ಮತ್ತ ನನ್ನ ಮನ್ಯಾಗಿನ ಹೆಣ್ಮಕ್ಕಳು. ಎಣ್ಣಿ ಬರೇ ಎಣ್ಣಿ. ಆದ್ರ ನಿಮ್ಮ ಮನ್ಯಾಗ ಯಾರಾದ್ರೂ ಒಮ್ಮಿಂದೊಮ್ಮೆಲೆ ಶಾಂತ ಆದ್ರ, ಕೈ ಮುಗಿಯೂಕಿಂತ ಮೊದಲು, ಉಂಡಿಯೇನು, ನಿದ್ದಿ ಬಂತೇನು ಅಂತ ಕೇಳ್ರ್ಯಪ್ಪಾ."

ನಿವೃತ್ತರಾದ ಮೇಲೂ ಆಗಾಗ ಸ್ಟಾಫ್ ರೂಮಿಗೆ ಬಂದು ಹೋಗುತ್ತಿದ್ದರು. ಹೋದ ಚಳಿಗಾಲದ ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅಣ್ಣನ ಹಾಗೆಯೇ. ಎದೆಯ ಗುಳಿಗೆ ತಪ್ಪಿಸುತ್ತಿರಲಿಲ್ಲ, ನಡೆಯುತ್ತಿದ್ದರು, ವೈದ್ಯರು ಹೇಳಿದ ಅಳತೆ ಮೀರುತ್ತಿರಲಿಲ್ಲ. ಆ ಎರಡು ಚಮಚದಲ್ಲಿ ಯಾವುದು ಎದೆಗೆ ಹೋಯಿತು, ಯಾವುದು ತಲೆಗೆ ಹೋಯಿತು ಎಂದು ಹೇಳುವವರು ಯಾರೂ ಇಲ್ಲ. ನಾನಂತೂ ಅಲ್ಲ.

ಅವರ ಉತ್ತರಕಾರ್ಯಕ್ಕೆ, ಶಿವಗಣಾರಾಧನೆಯ ದಿನ, ಹಳ್ಳಿಯವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಮನೆಯ ಮುಂದೆ ಶಾಮಿಯಾನ, ಒಳಗೆ ಹೆಂಗಸರು. ಆ ಹಿರಿಯರೂ ಬಂದಿದ್ದರು, ಈಗ ಬೆನ್ನು ಬಾಗಿತ್ತು. ಅಕ್ಕನ ಎದುರು ಕೂತು ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡರು. ಕೆಟ್ಟವರಲ್ಲ, ನಿಜವಾಗಿಯೂ ನೊಂದಿದ್ದರು. ನೊಂದವರು ಸುಮ್ಮನಿರಲಾರದೆ ಏನಾದರೂ ಒಂದನ್ನು ಹೇಳುತ್ತಾರೆ, ಅವರೂ ಹೇಳಿದರು.

"ಗದ್ದಿಗಿ ಮ್ಯಾಲ ಕುಂತಿದ್ದರ ಹಿಂಗ ಆಗತಿದ್ದಿಲ್ಲವ್ವಾ. ಎಣ್ಣಿ-ತುಪ್ಪ ಬಿಟ್ಟಾಂವ ಬಿಟ್ಟಂಗ ಇದ್ದಿದ್ದರ ಇನ್ನೂ ಹತ್ತು ವರ್ಷ ಇರತಿದ್ದ."

ಸುತ್ತ ಕೂತಿದ್ದ ಹೆಂಗಸರು ಹೌದೆಂಬಂತೆ ತಲೆಯಾಡಿಸಿದರು. ಅಕ್ಕನ ತಮ್ಮ ಏನೋ ಹೇಳಲು ಎದ್ದ. ಅಕ್ಕ ಕೈ ಸನ್ನೆ ಮಾಡಿ ಅವನನ್ನು ಕೂರಿಸಿದರು. ದನಿ ಏರಿಸಲಿಲ್ಲ.

"ಇರತಿದ್ದರೇನೋ ಯಪ್ಪಾ," ಎಂದರು. "ಆದ್ರ ಅವರು ಮೊದಲನೇ ಸಲ ಹೋದದ್ದು ಅವಾಗ. ಕಣ್ಣ ಮುಂದ ಇದ್ದೂ ಮನ್ಯಾಗ ಇರಲಿಲ್ಲ, ನಾ ಒಬ್ಬಾಕಿ ಅತ್ತೀನಿ. ನೀವ್ಯಾರೂ ಅಳಾಕ ಬರಲಿಲ್ಲ, ಕಾಲಿಗೆ ಬೀಳಾಕ ಬಂದಿರಿ. ಅಲ್ಲಿಂದ ತಿರುಗಿ ಬಂದು ನನ್ನ ಜೋಡಿ ಎಂಟು ವರ್ಷ ಉಂಡು, ಬೈದು, ನಕ್ಕು ಹೋದರು. ನನ್ನ ಅಳು ಅವಾಗ ಮುಗಿದದ. ಇವತ್ತು ನಿಮ್ಮ ಪಾಳಿ. ಅಳ್ರಿ."